ಗೊಂಬೆ ಅಲುಗಲಿ, ಬೆಳಕು ಅಲುಗದಿರಲಿ: ಸ್ಟಾಪ್‌ಮೋಷನ್‌ಗೆ ಎಂಥ ಕ್ಯಾಮೆರಾ ಬೇಕು?

ಮಡಿಕೇರಿ ದಸರೆಯ ವಿಜಯದಶಮಿ ರಾತ್ರಿ ದಶಮಂಟಪಗಳ ಮುಂದೆ ಕತ್ತೆತ್ತಿ ನಿಂತವರಿಗೆ ಗೊತ್ತಿರುತ್ತದೆ. ರಾಕ್ಷಸ ಬಾಯಿ ತೆರೆಯುತ್ತಾನೆ, ದೇವಿಯ ಕೈ ಮೇಲೇಳುತ್ತದೆ, ತ್ರಿಶೂಲ ಇಳಿಯುತ್ತದೆ. ಆ ಮೂರ್ತಿಗಳ ಒಳಗೆ ಮೋಟಾರಿದೆ, ಕಬ್ಬಿಣದ ಸಲಾಕೆಗಳಿವೆ, ರಾತ್ರಿಯೆಲ್ಲ ಕೂತು ವೆಲ್ಡಿಂಗ್ ಮಾಡಿದವರ ಶ್ರಮವಿದೆ. ಸ್ಟಾಪ್‌ಮೋಷನ್‌ನ ಗೊಂಬೆಗೆ ಇದಾವುದೂ ಇಲ್ಲ. ಅದು ಸುಮ್ಮನೆ ನಿಂತಿರುತ್ತದೆ. ಒಂದು ಫೋಟೊ ತೆಗೆಯುತ್ತೀರಿ, ಕೈಯನ್ನು ಕೂದಲೆಳೆಯಷ್ಟು ಎತ್ತುತ್ತೀರಿ, ಇನ್ನೊಂದು ಫೋಟೊ ತೆಗೆಯುತ್ತೀರಿ. ಫೋಟೊಗಳನ್ನು ಸಾಲಾಗಿ ಓಡಿಸಿದಾಗ ಕೈ ತಾನಾಗಿ ಎದ್ದಂತೆ ಕಾಣುತ್ತದೆ. ಮಂಟಪದಲ್ಲಿ ಮೋಟಾರು ಮಾಡುವ ಕೆಲಸ ಇಲ್ಲಿ ಕ್ಯಾಮೆರಾದ ಪಾಲಿಗೆ ಬಂದಿದೆ.

ಒಂದು ದೃಶ್ಯ ಇಟ್ಟುಕೊಳ್ಳೋಣ. ಪುತ್ತರಿ ಕಳೆದಿದೆ, ಕಣದಲ್ಲಿ ಭತ್ತ ಹರವಿದೆ, ಮಣ್ಣಿನ ಕೋಳಿಯೊಂದು ಬಂದು ಕುಕ್ಕಬೇಕು. ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮ್‌ನಂತೆ. ಆದರೆ ಒಂದೊಂದು ಭಂಗಿಯನ್ನು ಎರಡೆರಡು ಫ್ರೇಮ್ ನಿಲ್ಲಿಸಿದರೂ ಕಣ್ಣು ಚಲನೆಯೆಂದೇ ನಂಬುತ್ತದೆ. ಹಾಗಾಗಿ ಸ್ಟಾಪ್‌ಮೋಷನ್‌ನಲ್ಲಿ ಬಹುಪಾಲು ಕೆಲಸ ಸೆಕೆಂಡಿಗೆ 12 ಫೋಟೊದಲ್ಲೇ ನಡೆಯುತ್ತದೆ. ಕೋಳಿ ಐದು ಸೆಕೆಂಡ್ ಕುಕ್ಕಲು 60 ಫೋಟೊ, ಒಂದು ನಿಮಿಷದ ಚಿತ್ರಕ್ಕೆ 720. ಒಂದೇ ಸಲ ಕೂತು ಇವನ್ನು ಮುಗಿಸಲಾಗುವುದಿಲ್ಲ. ಬೆಳಿಗ್ಗೆ ತೆಗೆದ ಫೋಟೊಕ್ಕೂ ಊಟ ಮಾಡಿ ಬಂದು ತೆಗೆದ ಫೋಟೊಕ್ಕೂ ನಡುವೆ ಗಂಟೆಗಳು ಕಳೆದಿರುತ್ತವೆ. ತೆರೆಯ ಮೇಲೆ ಆ ಎರಡರ ನಡುವೆ ಇರುವುದು ಸೆಕೆಂಡಿನ ಹನ್ನೆರಡರಲ್ಲಿ ಒಂದು ಪಾಲು ಮಾತ್ರ.

ಈ ಲೇಖನಕ್ಕೆ ಬೇಕಾದ ಸೂತ್ರ ಇಷ್ಟೇ: ಎರಡು ಫೋಟೊಗಳ ನಡುವೆ ನೀವು ಬದಲಿಸಿದ್ದು ಮಾತ್ರ ಬದಲಾಗಿರಬೇಕು. ಕೋಳಿಯ ಕತ್ತು ಬಾಗಿದ್ದರೆ ಕತ್ತು ಮಾತ್ರ. ಬೆಳಕು, ಬಣ್ಣ, ಫೋಕಸ್, ಚೌಕಟ್ಟು ಯಾವುದೂ ಇದ್ದ ಜಾಗದಿಂದ ಕದಲಬಾರದು. ಆದರೆ ಇವತ್ತಿನ ಕ್ಯಾಮೆರಾಗಳನ್ನು ಮಾಡಿರುವುದೇ ಪ್ರತಿ ಫೋಟೊಕ್ಕೂ ಹೊಸದಾಗಿ ಲೆಕ್ಕ ಹಾಕಿ ಬೆಳಕನ್ನೂ ಬಣ್ಣವನ್ನೂ ಫೋಕಸ್ಸನ್ನೂ ಸರಿಮಾಡಿಕೊಳ್ಳಲು. ಮದುವೆಮನೆಯಲ್ಲಿ ಆ ಜಾಣತನ ಬೇಕು, ಗೊಂಬೆಯ ಮುಂದೆ ಅದೇ ಕಂಟಕ.

ಫಿಲಂನಿಂದ ಸೆನ್ಸರ್‌ಗೆ

ಒಂದೊಂದೇ ಫ್ರೇಮ್ ತೆಗೆಯುವ ವಿದ್ಯೆ ನಮ್ಮ ದೇಶದ ಸಿನಿಮಾದಷ್ಟೇ ಹಳೆಯದು. ದಾದಾಸಾಹೇಬ್ ಫಾಲ್ಕೆ 1913ರಲ್ಲಿ ‘ರಾಜಾ ಹರಿಶ್ಚಂದ್ರ’ ತೆರೆಗೆ ತರುವ ಮೊದಲು, ಹಣ ಹಾಕುವವರನ್ನು ನಂಬಿಸಲು ಬಟಾಣಿ ಗಿಡ ಮೊಳೆತು ಬೆಳೆಯುವುದನ್ನು ಹೀಗೆಯೇ ಬಿಡಿ ಫ್ರೇಮುಗಳಲ್ಲಿ ಸೆರೆಹಿಡಿದು ತೋರಿಸಿದ್ದರು. (ಹೂಮಳೆ ಬಿದ್ದ ಎಂಟು ಹತ್ತು ದಿನಕ್ಕೆ ಕಾಫಿ ಮೊಗ್ಗು ಬಿರಿಯುವುದನ್ನು ಕಂಡವರು ಆ ಪ್ರಯೋಗವನ್ನು ತೋಟದಲ್ಲೇ ಮಾಡಬಹುದು.) ಫಿಲಂ ಕಾಲದ ದೊಡ್ಡ ಕಷ್ಟವೆಂದರೆ ತೆಗೆದದ್ದು ಕಾಣುತ್ತಿರಲಿಲ್ಲ. ಫಿಲಂ ಲ್ಯಾಬಿಗೆ ಹೋಗಿ ತೊಳೆದು ಬರುವವರೆಗೆ ಎಲ್ಲವೂ ಅಂದಾಜು. ಗೊಂಬೆಯ ಮೂಗಿನ ತುದಿಗೆ ಲೋಹದ ಕಡ್ಡಿಯೊಂದನ್ನು ತಾಗಿಸಿ ನಿಲ್ಲಿಸಿ, ಅದರಿಂದ ಎಷ್ಟು ಸರಿಸಿದೆ ಎಂದು ಅಳೆದುಕೊಂಡು ಕೆಲಸ ಮಾಡುತ್ತಿದ್ದರು.

ದೊಡ್ಡ ತಿರುವು ಬಂದದ್ದು 2005ರಲ್ಲಿ. ಆ ವರ್ಷದ ‘ಕಾರ್ಪ್ಸ್ ಬ್ರೈಡ್’ ಎಂಬ ಸ್ಟಾಪ್‌ಮೋಷನ್ ಚಿತ್ರವನ್ನು ಫಿಲಂ ಕ್ಯಾಮೆರಾ ಬಿಟ್ಟು ಕ್ಯಾನನ್ ಇಒಎಸ್-1ಡಿ ಮಾರ್ಕ್ 2 ಎಂಬ ಡಿಜಿಟಲ್ ಸ್ಟಿಲ್ ಕ್ಯಾಮೆರಾದಲ್ಲಿ ತೆಗೆದರು. ಪತ್ರಿಕಾ ಛಾಯಾಗ್ರಾಹಕರು ಕ್ರಿಕೆಟ್ ಮೈದಾನಕ್ಕೆ ಹೊತ್ತು ಹೋಗುವ ಜಾತಿಯ ಕ್ಯಾಮೆರಾ ಅದು. ಅದೇ ವರ್ಷ ಬಂದ, ಸ್ಟಾಪ್‌ಮೋಷನ್ ಗೊಂಬೆಜೋಡಿ ವಾಲೆಸ್ ಮತ್ತು ಗ್ರೋಮಿಟ್‌ರ ಪೂರ್ಣಾವಧಿ ಚಿತ್ರ ಇನ್ನೂ ಫಿಲಂನಲ್ಲೇ ಇತ್ತು. ಮುಂದಿನ ಕೆಲವೇ ವರ್ಷಗಳಲ್ಲಿ ದೊಡ್ಡ ಸ್ಟುಡಿಯೊಗಳೆಲ್ಲ ಡಿಜಿಟಲ್ ಕಡೆ ಹೊರಳಿದವು.

‘ಕಾರ್ಪ್ಸ್ ಬ್ರೈಡ್’ ಕ್ಯಾಮೆರಾದ ಸೆನ್ಸರ್ (ಫಿಲಂ ಜಾಗದಲ್ಲಿ ಬೆಳಕು ಹಿಡಿಯುವ ಫಲಕ) ಬರೀ 8.2 ಮೆಗಾಪಿಕ್ಸೆಲ್. ಇವತ್ತು ಗೋಣಿಕೊಪ್ಪದ ಮೊಬೈಲ್ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವ ಫೋನಿಗೂ ಅದಕ್ಕಿಂತ ಹೆಚ್ಚಿದೆ. 4ಕೆ ಚಿತ್ರದ ಒಂದು ಫ್ರೇಮ್‌ಗೆ ಬೇಕಾದದ್ದು 3840×2160, ಅಂದರೆ ಸುಮಾರು 83 ಲಕ್ಷ ಪಿಕ್ಸೆಲ್. 24 ಮೆಗಾಪಿಕ್ಸೆಲ್‌ನ ಹಳೆಯ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ, ಲೆನ್ಸ್ ಬದಲಿಸಬಹುದಾದ ಡಿಜಿಟಲ್ ಕ್ಯಾಮೆರಾ) ಅದರ ಮೂರರಷ್ಟು ಕೊಡುತ್ತದೆ. ಆದ್ದರಿಂದ ಮೆಗಾಪಿಕ್ಸೆಲ್ ಲೆಕ್ಕವನ್ನು ಇಲ್ಲಿಗೇ ಬಿಡೋಣ. ಅದೇ ಚಿತ್ರತಂಡ ಮಾಡಿದ ಇನ್ನೊಂದು ಆಯ್ಕೆ ಇದಕ್ಕಿಂತ ಸ್ವಾರಸ್ಯದ್ದು: ಕ್ಯಾನನ್ ಕ್ಯಾಮೆರಾಕ್ಕೆ ಅವರು ಹಾಕಿದ್ದು ನಿಕಾನ್ ಲೆನ್ಸ್.

ಲೆನ್ಸಿನ ಕಣ್ಣು ಮಿಟುಕುವುದು

ಲೆನ್ಸಿನ ಒಳಗೆ ತೆಳುವಾದ ಎಲೆಗಳಂಥ ಕೆಲವು ಪಟ್ಟಿಗಳಿರುತ್ತವೆ. ಅವು ಹತ್ತಿರ ಬಂದರೆ ಬೆಳಕಿನ ಕಿಂಡಿ ಕಿರಿದಾಗುತ್ತದೆ, ದೂರ ಸರಿದರೆ ಹಿರಿದಾಗುತ್ತದೆ. ಇದೇ ಅಪರ್ಚರ್. ಕಿಂಡಿಯ ಅಳತೆಯನ್ನು ನೀವು ಎಫ್/8 ಎಂದು ಇಟ್ಟರೂ (ಈ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಸಣ್ಣದು) ಈಗಿನ ಲೆನ್ಸುಗಳಲ್ಲಿ ಅದು ಸದಾ ಎಫ್/8ರಲ್ಲಿ ನಿಂತಿರುವುದಿಲ್ಲ. ಸಾಮಾನ್ಯವಾಗಿ ಕಿಂಡಿ ಪೂರ್ತಿ ತೆರೆದಿರುತ್ತದೆ, ಶಟರ್ ಒತ್ತಿದ ಕ್ಷಣಕ್ಕೆ ಎಲೆಗಳು ಮುಚ್ಚಿಕೊಂಡು ಎಫ್/8ಕ್ಕೆ ಬರುತ್ತವೆ, ಫೋಟೊ ಮುಗಿದೊಡನೆ ಮತ್ತೆ ತೆರೆದುಕೊಳ್ಳುತ್ತವೆ. ಪ್ರತಿ ಸಲವೂ ಅವು ಕೂದಲೆಳೆಯೂ ತಪ್ಪದೆ ಅದೇ ಜಾಗಕ್ಕೆ ಬಂದು ನಿಲ್ಲುವುದಿಲ್ಲ. ಒಮ್ಮೆ ಚೂರು ಹೆಚ್ಚು, ಒಮ್ಮೆ ಚೂರು ಕಡಿಮೆ. ಬಿಡಿ ಫೋಟೊದಲ್ಲಿ ಈ ವ್ಯತ್ಯಾಸ ಯಾರ ಕಣ್ಣಿಗೂ ಬೀಳದು. ಸೆಕೆಂಡಿಗೆ ಹನ್ನೆರಡರಂತೆ ಓಡಿಸಿದರೆ ಇಡೀ ಚಿತ್ರ ಮಿನುಗತೊಡಗುತ್ತದೆ. ಈ ಮಿನುಗನ್ನು ಕಸುಬಿನವರು ಫ್ಲಿಕರ್ ಅನ್ನುತ್ತಾರೆ. ಮೊದಲ ಸಲ ಸ್ಟಾಪ್‌ಮೋಷನ್ ಮಾಡಿದವರು ‘ಸೆಟ್ಟಿಂಗ್ ಎಲ್ಲ ಮ್ಯಾನುಯಲ್‌ನಲ್ಲೇ ಇತ್ತು, ಆದರೂ ಹೀಗೇಕೆ?’ ಎಂದು ತಲೆ ಕೆರೆದುಕೊಳ್ಳುವುದು ಹೆಚ್ಚಾಗಿ ಇಲ್ಲಿಯೇ. ಕ್ಯಾಮೆರಾ ಮ್ಯಾನುಯಲ್ ಮೋಡ್‌ನಲ್ಲಿದ್ದರೂ ಕಿಂಡಿ ಮಾತ್ರ ಫೋಟೊಕ್ಕೊಮ್ಮೆ ತೆರೆದು ಮುಚ್ಚುತ್ತಲೇ ಇರುತ್ತದೆ.

ಹಳೆಯ ನಿಕಾನ್ ಲೆನ್ಸುಗಳಲ್ಲಿ ಕೈಯಿಂದ ತಿರುಗಿಸುವ ಅಪರ್ಚರ್ ಬಳೆ ಇದೆ. ಅಡಾಪ್ಟರ್ ಮೂಲಕ ಅದನ್ನು ಕ್ಯಾನನ್‌ಗೆ ಹಾಕಿದರೆ ಕ್ಯಾಮೆರಾಕ್ಕೂ ಲೆನ್ಸಿಗೂ ಮಾತುಕತೆಯೇ ಇರುವುದಿಲ್ಲ. ಬಳೆಯನ್ನು ಎಫ್/8ಕ್ಕೆ ತಿರುಗಿಸಿಟ್ಟರೆ ಮೂರು ದಿನ ಕಳೆದರೂ ಕಿಂಡಿ ಅಲ್ಲೇ ಇರುತ್ತದೆ. ಇದನ್ನೇ ಅದಲುಬದಲು ಮಾಡಿ ಕ್ಯಾನನ್ ಲೆನ್ಸನ್ನು ನಿಕಾನ್ ಡಿಎಸ್‌ಎಲ್‌ಆರ್‌ಗೆ ಹಾಕಲು ಬರುವುದಿಲ್ಲ, ಅದಕ್ಕೆ ಕಾರಣ ಅಳತೆ. ಲೆನ್ಸ್ ಕೂರುವ ಬಾಯಿಯಿಂದ ಸೆನ್ಸರ್‌ವರೆಗೆ ನಿಕಾನ್‌ನಲ್ಲಿ 46.5 ಮಿಲಿಮೀಟರ್, ಕ್ಯಾನನ್‌ನಲ್ಲಿ 44. ನಿಕಾನ್ ಲೆನ್ಸಿಗೆ ಬೇಕಾದ ಹೆಚ್ಚುವರಿ ಎರಡೂವರೆ ಮಿಲಿಮೀಟರಿನಲ್ಲಿ ಅಡಾಪ್ಟರ್ ಕೂರುತ್ತದೆ. ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಈ ದೂರ ಇನ್ನೂ ಕಡಿಮೆ ಇರುವುದರಿಂದ ಹಳೆಯ ಕಾಲದ ಯಾವುದೇ ಕಂಪನಿಯ ಲೆನ್ಸನ್ನು ಹಾಕಬಹುದು. ನಿಕಾನ್ ಕೊಳ್ಳುವಾಗ ಒಂದು ಎಚ್ಚರಿಕೆ: ಹೆಸರಿನ ಕೊನೆಗೆ ‘ಜಿ’ ಅಕ್ಷರ ಇರುವವುಗಳಲ್ಲಿ ಬಳೆ ಇಲ್ಲ.

ಮನೆಯ ಕಪಾಟಿನಲ್ಲಿ ಅಜ್ಜನ ಕಾಲದ ಫಿಲಂ ಕ್ಯಾಮೆರಾ ಇದ್ದರೆ, ಅದರ 50 ಮಿಲಿಮೀಟರ್ ಲೆನ್ಸ್ ಸ್ಟಾಪ್‌ಮೋಷನ್‌ಗೆ ಹೊಸ ಲೆನ್ಸಿಗಿಂತ ಮೇಲು. ಅಂಥದ್ದು ಸಿಗದೆ ಕ್ಯಾಮೆರಾ ಜೊತೆಗೆ ಬಂದ ಕ್ಯಾನನ್ ಕಿಟ್ ಲೆನ್ಸೇ ಗತಿಯೆಂದಾದರೆ ಒಂದು ಉಪಾಯವಿದೆ. ಡೆಪ್ತ್ ಆಫ್ ಫೀಲ್ಡ್ ಪ್ರಿವ್ಯೂ ಗುಂಡಿಯನ್ನು ಒತ್ತಿಹಿಡಿದರೆ ಕಿಂಡಿ ಮುಚ್ಚಿಕೊಳ್ಳುತ್ತದೆ. ಆಗ ಲೆನ್ಸನ್ನು ಕಳಚುವ ದಿಕ್ಕಿಗೆ ತುಸು ತಿರುಗಿಸಿದರೆ ವಿದ್ಯುತ್ ಸಂಪರ್ಕ ತಪ್ಪಿ ಕಿಂಡಿ ಹಾಗೆಯೇ ಉಳಿಯುತ್ತದೆ. ಲೆನ್ಸ್ ಪೂರ್ತಿ ಕಚ್ಚಿಕೊಂಡಿರುವುದಿಲ್ಲವಾದ್ದರಿಂದ ಕೈ ತಾಗಿ ಬೀಳದಂತೆ ಟೇಪ್ ಸುತ್ತಿಡಬೇಕು. ಉಳಿದಂತೆ ಆಟೊ ಫೋಕಸ್, ಆಟೊ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ), ಆಟೊ ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) ಎಲ್ಲಕ್ಕೂ ರಜೆ. ಸ್ಟೆಬಿಲೈಸೇಶನ್ ಕೂಡ ಬಂದ್ ಮಾಡಿ. ನಡುಗುವ ಕೈಗೆಂದು ಇರುವ ಆ ಸೌಲಭ್ಯ, ಟ್ರೈಪಾಡ್ ಮೇಲೆ ಲೆನ್ಸಿನ ಗಾಜನ್ನೋ ಸೆನ್ಸರನ್ನೋ ತಾನೇ ಸರಿಸಿ ಚೌಕಟ್ಟು ಕೆಡಿಸುತ್ತದೆ.

ಕರೆಂಟ್ ಮತ್ತು ಮೋಡ

ಕೊಡಗಿನಲ್ಲಿ ಸ್ಟಾಪ್‌ಮೋಷನ್‌ಗೆ ಒದಗುವ ಕಾಲ ಮಳೆಗಾಲವೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೆ ಕೆಲಸ ಕಡಿಮೆ, ಮನೆಯೊಳಗೆ ಸಮಯ ಬೇಕಾದಷ್ಟು. ಆದರೆ ಆ ನಾಲ್ಕು ತಿಂಗಳಲ್ಲೇ ಬೆಳಕು ಅತಿ ಹೆಚ್ಚು ಕಾಡುವುದೂ ಹೌದು. ಮಂಜು ಬಂದು ಹೋಗುತ್ತಿರುತ್ತದೆ, ಮೋಡ ಸರಿದು ಒಂದು ಕ್ಷಣ ಬಿಸಿಲು ಇಣುಕುತ್ತದೆ. ಕಿಟಕಿ ಬೆಳಕನ್ನು ನಂಬಿ ತೆಗೆದರೆ ಕೋಳಿ ಒಂದು ಕಾಳು ಕುಕ್ಕುವಷ್ಟರಲ್ಲಿ ಹಗಲು ರಾತ್ರಿ ಎರಡೂ ಆಗಿಬಿಡುತ್ತದೆ. ಕಿಟಕಿಗೆ ದಪ್ಪ ಕಂಬಳಿ ಕಟ್ಟಿ ಕೋಣೆಯನ್ನು ಕತ್ತಲು ಮಾಡುವುದೇ ಮೊದಲ ಕೆಲಸ. ಗೊಂಬೆ ಸರಿಸುವವರು ಕಪ್ಪು ಅಂಗಿ ತೊಡುವುದು ಶೋಕಿಗಲ್ಲ. ಬಿಳಿ ಅಂಗಿ ಬೆಳಕನ್ನು ಸೆಟ್ಟಿನ ಮೇಲೆ ಎಸೆಯುತ್ತದೆ, ನೀವು ನಿಂತ ಜಾಗ ಬದಲಾದಂತೆ ಆ ಬೆಳಕೂ ಬದಲಾಗುತ್ತದೆ. ಪಕ್ಕದಲ್ಲಿಟ್ಟ ಲ್ಯಾಪ್‌ಟಾಪ್ ಪರದೆಯದೂ ಅದೇ ತೊಂದರೆ.

ಕತ್ತಲ ಕೋಣೆಯಲ್ಲಿ ದೀಪ ಹಾಕಿದರೆ ಅದಕ್ಕೆ ಬರುವ ವೋಲ್ಟೇಜ್ ಅಲುಗುತ್ತದೆ. ತಂತಿ ಸುರುಳಿ ಕಾದು ಉರಿಯುವ ಹಳೆಯ ಬಲ್ಬ್ ಮತ್ತು ಹ್ಯಾಲೊಜನ್‌ಗಳಲ್ಲಿ ವೋಲ್ಟೇಜ್ ಸ್ವಲ್ಪ ಕುಸಿದರೂ ಬೆಳಕು ಬಹಳ ಕುಸಿಯುತ್ತದೆ. 230 ವೋಲ್ಟ್‌ನಲ್ಲಿ ಶೇಕಡಾ 5 ಕಡಿಮೆಯಾದರೆ ಬೆಳಕು ಸುಮಾರು ಶೇಕಡಾ 16ರಷ್ಟು ಇಳಿಯುತ್ತದೆ, ಮೇಲಿಂದ ಬಣ್ಣವೂ ಕೆಂಪಿಗೆ ತಿರುಗುತ್ತದೆ. ನೆರೆಮನೆಯವರು ನೀರಿನ ಪಂಪ್ ಹಾಕಿದ್ದು ನಿಮ್ಮ ಚಿತ್ರದಲ್ಲಿ ದಾಖಲಾಗುತ್ತದೆ ಎಂದರೂ ಸರಿ. ಒಳ್ಳೆಯ ಡ್ರೈವರ್ (ಕರೆಂಟನ್ನು ಹದಗೊಳಿಸುವ ಸರ್ಕ್ಯೂಟ್) ಇರುವ ಎಲ್‌ಇಡಿ ಲೈಟುಗಳು ಈ ಏರಿಳಿತವನ್ನು ತಾವೇ ನುಂಗಿಕೊಳ್ಳುತ್ತವೆ, ಬ್ಯಾಟರಿಯಿಂದ ಉರಿಯುವಂಥವಾದರೆ ಇನ್ನೂ ನಿಶ್ಚಿಂತೆ. ನನ್ನ ಕೇಳಿದರೆ ಕ್ಯಾಮೆರಾಕ್ಕೆ ಹಾಕುವ ಹಣದಲ್ಲಿ ಕಾಲು ಭಾಗವನ್ನಾದರೂ ಎರಡು ಒಳ್ಳೆಯ ಎಲ್‌ಇಡಿಗೆ ಕೊಡಬೇಕು.

ಅಗ್ಗದ ಎಲ್‌ಇಡಿಗೆ ಬೇರೆಯದೇ ಒಂದು ದೋಷ. ನಮ್ಮಲ್ಲಿ ಕರೆಂಟ್ ಸೆಕೆಂಡಿಗೆ 50 ಸುತ್ತು ಹಾಕಿ, ಪ್ರತಿ ಸುತ್ತಿನಲ್ಲೂ ಎರಡು ಸಲ ದಿಕ್ಕು ಬದಲಿಸುವುದರಿಂದ ಅಂಥ ದೀಪ ಸೆಕೆಂಡಿಗೆ 100 ಸಲ ಏರಿ ಇಳಿಯುತ್ತದೆ. ಕಣ್ಣಿಗೆ ಕಾಣದು, 1/250 ಸೆಕೆಂಡ್ ಮಾತ್ರ ತೆರೆದು ಮುಚ್ಚುವ ಶಟರ್‌ಗೆ ಕಾಣುತ್ತದೆ. ಒಂದು ಫೋಟೊ ಏರಿನಲ್ಲಿ, ಇನ್ನೊಂದು ಇಳಿತದಲ್ಲಿ ಸಿಕ್ಕಿಬೀಳುತ್ತದೆ. ಶಟರನ್ನು ಅರ್ಧ ಸೆಕೆಂಡ್ ತೆರೆದಿಟ್ಟರೆ ಇಂಥ 50 ಏರಿಳಿತಗಳು ಒಟ್ಟಿಗೆ ಸೇರಿ ಪ್ರತಿ ಫೋಟೊಕ್ಕೂ ಸಿಗುವ ಬೆಳಕು ಒಂದೇ ಆಗುತ್ತದೆ.

ಅರ್ಧ ಸೆಕೆಂಡ್ ಎಂದಾಗ ಮದುವೆ ಫೋಟೊ ತೆಗೆಯುವವರು ಹೌಹಾರಬಹುದು. ಇಲ್ಲಿ ಭಯವೇ ಇಲ್ಲ, ಗೊಂಬೆ ಉಸಿರಾಡುವುದಿಲ್ಲ! ಸ್ಟಾಪ್‌ಮೋಷನ್‌ನಲ್ಲಿ ಶಟರ್ ವೇಗಕ್ಕೂ ಗೊಂಬೆಯ ಚಲನೆಗೂ ಸಂಬಂಧವಿಲ್ಲ. ಎಷ್ಟು ಹೊತ್ತು ಬೇಕಾದರೂ ತೆರೆದಿಡಬಹುದಾದ್ದರಿಂದ ಐಎಸ್‌ಒ 100ರಲ್ಲೇ ಉಳಿಯುತ್ತದೆ, ಚಿತ್ರದಲ್ಲಿ ಮರಳಿನಂಥ ಚುಕ್ಕೆಗಳು ಏಳುವುದಿಲ್ಲ, ಮೇಜಿನ ಮೇಲಿನ ಓದುವ ದೀಪದಷ್ಟು ಬೆಳಕೂ ಸಾಕಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಕಿಂಡಿಯನ್ನು ಧಾರಾಳವಾಗಿ ಕಿರಿದು ಮಾಡಬಹುದು. ಅದು ಏಕೆ ಬೇಕೆಂದರೆ, 50 ಮಿಲಿಮೀಟರ್ ಲೆನ್ಸ್ ಹಾಕಿದ, ದೊಡ್ಡ ಸೆನ್ಸರ್‌ನ ಫುಲ್‌ಫ್ರೇಮ್ ಕ್ಯಾಮೆರಾವನ್ನು ಕೋಳಿಯಿಂದ ಎರಡಡಿ ದೂರದಲ್ಲಿಟ್ಟರೆ, ಎಫ್/2.8ರಲ್ಲಿ ಚೊಕ್ಕವಾಗಿ ಕಾಣುವ ಆಳ ಬರೀ ಎರಡು ಸೆಂಟಿಮೀಟರ್ ಚಿಲ್ಲರೆ. ಕೊಕ್ಕು ಸ್ಪಷ್ಟವಾಗಿದ್ದರೆ ಬಾಲ ಮಸುಕು. ನೋಡುವವರಿಗೆ ಇದು ಆಟಿಕೆ ಎಂದು ಆಗಲೇ ತಿಳಿದುಬಿಡುತ್ತದೆ. ಎಫ್/11ಕ್ಕೆ ತಂದರೆ ಅದೇ ಆಳ ಎಂಟೊಂಬತ್ತು ಸೆಂಟಿಮೀಟರ್ ಆಗಿ ಇಡೀ ಕೋಳಿಯೂ ಸುತ್ತಲಿನ ಭತ್ತವೂ ಫೋಕಸ್‌ಗೆ ಬರುತ್ತವೆ. ಎಫ್/22ರವರೆಗೆ ಹೋಗಬೇಡಿ, ಅಷ್ಟು ಸಣ್ಣ ಕಿಂಡಿಯಲ್ಲಿ ಬೆಳಕು ಚದುರಿ ಇಡೀ ಚಿತ್ರ ಮೆತ್ತಗಾಗುತ್ತದೆ. ಸಣ್ಣ ಸೆನ್ಸರ್‌ನ ಎಪಿಎಸ್-ಸಿ ಕ್ಯಾಮೆರಾದಲ್ಲಿ ಅದೇ ಚೌಕಟ್ಟಿಗೆ ಇನ್ನೂ ಹೆಚ್ಚು ಆಳ ಸಿಗುತ್ತದೆ. ಫುಲ್‌ಫ್ರೇಮ್‌ಗೆ ದುಡ್ಡು ಸುರಿಯಲಿಲ್ಲವೆಂದು ಬೇಸರಪಡಬೇಕಾಗಿಲ್ಲ.

ಸ್ಟಾಪ್‌ಮೋಷನ್‌ಗೆ ಮಾತ್ರ ಸಾಧ್ಯವಾದ ಒಂದು ಸೊಗಸನ್ನೂ ಇಲ್ಲೇ ಹೇಳಿಬಿಡುತ್ತೇನೆ. ತ್ರೀಡಿ ಸಿನಿಮಾಕ್ಕೆ ಎಡಗಣ್ಣಿಗೊಂದು ಬಲಗಣ್ಣಿಗೊಂದು ಕ್ಯಾಮೆರಾ ಬೇಕು. 2009ರ ‘ಕೊರಲೈನ್’ ಚಿತ್ರದಲ್ಲಿ ಒಂದೇ ಕ್ಯಾಮೆರಾವನ್ನು ಜಾರುವ ಹಳಿಯ ಮೇಲಿಟ್ಟು ಒಂದು ಫೋಟೊ ಎಡದಿಂದ, ತುಸು ಸರಿಸಿ ಇನ್ನೊಂದು ಬಲದಿಂದ ತೆಗೆದರು. ಗೊಂಬೆ ಕಾಯುತ್ತದಲ್ಲ!

ಕಂಪ್ಯೂಟರ್‌ಗೆ ಕಟ್ಟಿದ ಕ್ಯಾಮೆರಾ

‘ಕಾರ್ಪ್ಸ್ ಬ್ರೈಡ್’ ಕ್ಯಾಮೆರಾದಲ್ಲಿ ಲೈವ್ ವ್ಯೂ (ಸೆನ್ಸರ್ ಕಾಣುವುದನ್ನು ಆಗಲೇ ಪರದೆಯಲ್ಲಿ ತೋರಿಸುವ ಸೌಲಭ್ಯ) ಇರಲಿಲ್ಲ. ವ್ಯೂಫೈಂಡರ್‌ಗೆ ಇನ್ನೊಂದು ಪುಟ್ಟ ವಿಡಿಯೊ ಕ್ಯಾಮೆರಾ ಅಂಟಿಸಿ ಗೊಂಬೆಯನ್ನು ನೋಡುತ್ತಿದ್ದರು. ಡಿಎಸ್‌ಎಲ್‌ಆರ್‌ಗಳಿಗೆ ಲೈವ್ ವ್ಯೂ ಬಂದ ಮೇಲೆ, ಕ್ಯಾಮೆರಾವನ್ನು ಯುಎಸ್‌ಬಿ ತಂತಿಯಲ್ಲಿ ಲ್ಯಾಪ್‌ಟಾಪ್‌ಗೆ ಜೋಡಿಸಿದರೆ ಸೆನ್ಸರ್ ಕಾಣುತ್ತಿರುವುದೇ ಪರದೆಯ ಮೇಲೆ ಬರತೊಡಗಿತು. ಡ್ರ್ಯಾಗನ್‌ಫ್ರೇಮ್‌ನಂಥ ತಂತ್ರಾಂಶಗಳು ಈ ಜೀವಂತ ಚಿತ್ರದ ಮೇಲೆ ಹಿಂದಿನ ಫೋಟೊವನ್ನು ಮಸುಕಾಗಿ ಹೊದಿಸಿ ತೋರಿಸುತ್ತವೆ. ಇದಕ್ಕೆ ಆನಿಯನ್ ಸ್ಕಿನ್ ಎನ್ನುತ್ತಾರೆ. ಕೋಳಿಯ ಕತ್ತು ಆಗ ಎಲ್ಲಿತ್ತು, ಈಗ ಎಲ್ಲಿದೆ ಎಂಬುದು ಒಂದರ ಮೇಲೊಂದು ಕಾಣುತ್ತದೆ. ಮೊದಲಿಗರು ಈ ಹೊದಿಕೆಯನ್ನೇ ನೆಚ್ಚಿಕೊಳ್ಳುತ್ತಾರೆ. ಕೈ ಪಳಗಿದವರು ಹೆಚ್ಚಾಗಿ ಬಳಸುವುದು ಹಿಂದಿನ ಫ್ರೇಮ್, ಈಗಿನದು, ಮತ್ತೆ ಹಿಂದಿನದು ಎಂದು ಒಂದು ಕೀಲಿಯಲ್ಲಿ ಪಟಪಟ ಬದಲಿಸಿ ನೋಡುವುದನ್ನು. ಎಷ್ಟು ಅಲುಗಿದೆ ಎನ್ನುವುದು ಹೊದಿಕೆಗಿಂತ ಹಾಗೆ ನೋಡಿದಾಗಲೇ ಕಣ್ಣಿಗೆ ಹತ್ತುವುದು. ಸೆಟ್ಟಿನ ಮೇಲೆ ಮರೆತ ಸ್ಕ್ರೂಡ್ರೈವರ್ ಕೂಡ.

ತಂತಿಯ ಇನ್ನೊಂದು ಲಾಭ, ಕ್ಯಾಮೆರಾವನ್ನು ಮುಟ್ಟುವ ಪ್ರಮೇಯವೇ ಇಲ್ಲ. ಬ್ಯಾಟರಿ ಬದಲಿಸಲು ಮುಟ್ಟಿದರೂ ಚೌಕಟ್ಟು ಜಾರುತ್ತದೆ. ಆದ್ದರಿಂದ ಬ್ಯಾಟರಿಯ ಆಕಾರದ್ದೇ ಆದ ಪವರ್ ಅಡಾಪ್ಟರ್ ಹಾಕಿ, ಅದನ್ನು ಯುಪಿಎಸ್‌ಗೆ ಕೊಡಬೇಕು. ಗಾಳಿಮಳೆಗೆ ಮರ ಬಿದ್ದು ಕರೆಂಟ್ ಹೋಗುವ ಊರಿನಲ್ಲಿ ಯುಪಿಎಸ್ ಇಲ್ಲದೆ ಕೂರುವುದು ಬೇಡ. ಹೊಸ ಮಿರರ್‌ಲೆಸ್ ಲೆನ್ಸುಗಳಲ್ಲಿ ಅನೇಕದರಲ್ಲಿ ಫೋಕಸ್ ಬಳೆ ಗಾಜನ್ನು ನೇರವಾಗಿ ತಿರುಗಿಸುವುದಿಲ್ಲ, ಮೋಟಾರಿಗೆ ಸೂಚನೆ ಕೊಡುತ್ತದೆ ಅಷ್ಟೆ. ಕರೆಂಟ್ ಹೋಗಿ ಬಂದರೆ ಅಂಥ ಲೆನ್ಸ್ ತಾನಿದ್ದ ಜಾಗವನ್ನು ಮರೆತುಬಿಡಬಹುದು. ಆಮೇಲೆ ಎಷ್ಟು ಹೆಣಗಿದರೂ ಹಳೆಯ ಫೋಕಸ್‌ಗೆ ಕೂದಲೂ ತಪ್ಪದಂತೆ ಮರಳುವುದು ಕಷ್ಟ. ಹಳೆಯ ಕೈ-ಲೆನ್ಸ್ ಇಲ್ಲೂ ಗೆಲ್ಲುತ್ತದೆ.

ಲೈವ್ ವ್ಯೂ ಗಂಟೆಗಟ್ಟಲೆ ಓಡಿದರೆ ಸೆನ್ಸರ್ ಬಿಸಿಯಾಗಿ ಕಪ್ಪು ಜಾಗಗಳಲ್ಲಿ ಬಣ್ಣದ ಚುಕ್ಕೆಗಳು ಏಳುತ್ತವೆ. ಗೊಂಬೆ ಸರಿಸದೆ ಯೋಚಿಸುತ್ತ ಕೂತಾಗ ಲೈವ್ ವ್ಯೂ ಬಂದ್ ಮಾಡಿಡಿ.

ಟ್ರೈಪಾಡ್ ಬಗ್ಗೆ ಎರಡು ಮಾತು. ಹಳೆಯ ಮನೆಗಳ ಮರದ ಹಲಗೆಯ ಮಾಳಿಗೆ ಸ್ಟಾಪ್‌ಮೋಷನ್‌ಗೆ ಆಗಿಬರುವುದಿಲ್ಲ. ನೀವು ಒಂದು ಹೆಜ್ಜೆ ಇಟ್ಟರೆ ಹಲಗೆ ಬಾಗುತ್ತದೆ, ಟ್ರೈಪಾಡ್ ವಾಲುತ್ತದೆ. ನೆಲದಂತಸ್ತಿನ ಸಿಮೆಂಟ್ ನೆಲ ಹಿಡಿಯಿರಿ, ಟ್ರೈಪಾಡ್‌ನ ನಡುವಿಗೆ ಮರಳು ಚೀಲ ತೂಗುಹಾಕಿ, ಮೂರು ಕಾಲನ್ನೂ ನೆಲಕ್ಕೆ ಟೇಪ್‌ನಿಂದ ಬಿಗಿಯಿರಿ. ಮಳೆಗಾಲದಲ್ಲಿ ಸೆಟ್ಟಿನ ಮರದ ಮೇಜೂ ತೇವ ಹೀರಿ ಉಬ್ಬುತ್ತದೆ. ರಾತ್ರಿ ಬಿಟ್ಟುಹೋದ ಕಣ ಬೆಳಿಗ್ಗೆ ಒಂದು ಎಳೆ ಮೇಲೆದ್ದಿರುತ್ತದೆ. ಅದಕ್ಕೇ ಒಂದು ಶಾಟ್ ಶುರುಮಾಡಿದರೆ ಮಲಗುವ ಮುನ್ನ ಮುಗಿಸುವುದು ಒಳ್ಳೆಯದು. ಶಾಟ್‌ಗಳನ್ನು ಸಣ್ಣದಾಗಿ ಬರೆದುಕೊಂಡರೆ ಅದೇನೂ ದೊಡ್ಡ ವಿಷಯವಲ್ಲ.

ಫೋನ್ ಸಾಕೆ?

ಕಲಿಯಲು ಸಾಕು. ಒಂದು ವಿಷಯದಲ್ಲಂತೂ ಫೋನ್ ಡಿಎಸ್‌ಎಲ್‌ಆರ್‌ಗಿಂತ ಮುಂದಿದೆ: ಬಹುತೇಕ ಫೋನುಗಳ ಅಪರ್ಚರ್ ಸ್ಥಿರ. ತೆರೆದು ಮುಚ್ಚುವ ಎಲೆಗಳೇ ಇಲ್ಲದ ಮೇಲೆ ಅದರಿಂದ ಬರುವ ಮಿನುಗೂ ಇಲ್ಲ. ಫೋನಿನ ತೊಂದರೆ ಅದರ ತಂತ್ರಾಂಶ. ಒಂದು ಸಲ ಒತ್ತಿದರೆ ಅದು ಹಲವು ಫೋಟೊ ತೆಗೆದು, ಬೆರೆಸಿ, ನೆರಳನ್ನು ತಿಳಿಮಾಡಿ, ತನಗೆ ಚೆಂದ ಕಂಡದ್ದನ್ನು ಕೊಡುತ್ತದೆ. ಮುಂದಿನ ಫೋಟೊದಲ್ಲಿ ಅದರ ಅಭಿರುಚಿ ಬದಲಾಗಿರುತ್ತದೆ. ಫೋನಿನ ಸ್ವಂತ ಕ್ಯಾಮೆರಾ ಆಪ್ ಬಿಟ್ಟು ಸ್ಟಾಪ್ ಮೋಷನ್ ಸ್ಟುಡಿಯೊದಂಥ ಆಪ್ ಬಳಸಿ ಫೋಕಸ್, ಬೆಳಕು, ಬಣ್ಣ ಮೂರಕ್ಕೂ ಬೀಗ ಹಾಕಬೇಕು. ತೀರಾ ಹತ್ತಿರ ಹೋದಾಗ ಕೆಲವು ಫೋನುಗಳು ಹೇಳದೆ ಕೇಳದೆ ಇನ್ನೊಂದು ಲೆನ್ಸಿಗೆ ಹಾರುತ್ತವೆ, ಅದನ್ನೂ ತಡೆಯಬೇಕು. ಪರದೆ ಮುಟ್ಟದೆ ಬ್ಲೂಟೂತ್ ರಿಮೋಟ್‌ನಿಂದ ಫೋಟೊ ತೆಗೆಯಿರಿ. ಮಕ್ಕಳಿಗೆ ಕಲಿಸುವವರು ಇಷ್ಟನ್ನು ಹೊಂದಿಸಿಕೊಟ್ಟರೆ ಮಿಕ್ಕದ್ದನ್ನು ಮಕ್ಕಳೇ ನೋಡಿಕೊಳ್ಳುತ್ತಾರೆ.

ಕ್ಯಾಮೆರಾಕ್ಕೆ ಬಂದವರು ರಾ ಫೈಲ್ (ಸೆನ್ಸರ್ ಹಿಡಿದದ್ದನ್ನು ತಿದ್ದದೆ ಹಾಗೆಯೇ ಉಳಿಸುವ ಫೈಲ್) ಬಳಸಬೇಕೇ ಎಂದು ಕೇಳುತ್ತಾರೆ. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು, 14 ಬಿಟ್‌ನ ರಾ ಫೈಲ್‌ನಲ್ಲಿ 16,384. ಆಮೇಲೆ ಬಣ್ಣ ತಿದ್ದುವ ಆಲೋಚನೆ ಇದ್ದರೆ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಒಂದು ರಾ ಫೈಲ್ 25 ಎಂಬಿ ಎಂದಿಟ್ಟರೂ ನಿಮಿಷದ ಚಿತ್ರಕ್ಕೆ 18 ಜಿಬಿ, ಅದಕ್ಕೊಂದು ಪ್ರತಿ ಬೇರೆ. ಫೋಟೊಗಳ ಸಾಲನ್ನು ವಿಡಿಯೊ ಮಾಡಲು ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯೋ ಬ್ಲೆಂಡರೋ ಸಾಕು. ಮಿನುಗು ತೆಗೆಯುವ ತಂತ್ರಾಂಶಗಳೂ ಇವೆ. ಇಡೀ ಚೌಕಟ್ಟು ಒಟ್ಟಿಗೆ ಮಿನುಗಿದ್ದರೆ ಅವು ನೆರವಿಗೆ ಬರುತ್ತವೆ. ನಿಮ್ಮ ಅಂಗಿಯ ಬೆಳಕು ಕೋಳಿಯ ಒಂದು ಪಕ್ಕೆಗೆ ಮಾತ್ರ ಬಿದ್ದಿದ್ದರೆ ಅವುಗಳ ಕೈಯಲ್ಲಿ ಹೆಚ್ಚೇನೂ ಆಗುವುದಿಲ್ಲ.

ಕೊಳ್ಳುವುದಾದರೆ ಸೆಕೆಂಡ್‌ಹ್ಯಾಂಡ್ ಡಿಎಸ್‌ಎಲ್‌ಆರ್ ಒಂದು, ಅಪರ್ಚರ್ ಬಳೆ ಇರುವ ಹಳೆಯ ಲೆನ್ಸ್ ಒಂದು. ಕ್ಯಾಮೆರಾದಲ್ಲಿ ಮೂರನ್ನು ನೋಡಿ: ಲೈವ್ ವ್ಯೂ ಇದೆಯೇ, ನಿಮ್ಮ ತಂತ್ರಾಂಶದ ಪಟ್ಟಿಯಲ್ಲಿ ಆ ಮಾಡೆಲ್ ಇದೆಯೇ, ಶಟರ್ ಈವರೆಗೆ ಎಷ್ಟು ಸಲ ಬಿದ್ದಿದೆ. ಸಾಮಾನ್ಯ ಡಿಎಸ್‌ಎಲ್‌ಆರ್‌ಗಳ ಶಟರ್ ಲಕ್ಷದ ಆಸುಪಾಸಿಗೆಂದು ತಯಾರಾಗಿರುತ್ತದೆ, ನಿಮ್ಮದು ನಿಮಿಷಕ್ಕೆ 720 ನುಂಗುವ ಕಸುಬು. ಲೆನ್ಸನ್ನು ಟಾರ್ಚ್ ಬೆಳಕಿಗೆ ಹಿಡಿದು ಒಳಗೆ ಜೇಡರ ಬಲೆಯಂಥ ಎಳೆಗಳಿವೆಯೇ ಎಂದು ನೋಡಿ, ಇದ್ದರೆ ಅದು ಬೂಸ್ಟು. ಕೊಡಗಿನ ಆಷಾಢದಲ್ಲಿ ಅದಕ್ಕೆ ಹಬ್ಬ. ಒಳ್ಳೆಯ ಲೆನ್ಸನ್ನೂ ಚರ್ಮದ ಚೀಲದಲ್ಲಿ ಮುಚ್ಚಿಟ್ಟು ಮರೆಯಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟು, ಒಳಗೊಂದು ಅಗ್ಗದ ತೇವಮಾಪಕ ಹಾಕಿ, ಮುಳ್ಳು ಶೇಕಡಾ 40ರಿಂದ 50ರ ನಡುವೆ ಇರುವಂತೆ ನೋಡಿಕೊಳ್ಳಿ. ಜೆಲ್ ಬಣ್ಣ ಬದಲಿಸಿದಾಗ ಹದವಾದ ಬಿಸಿಯಲ್ಲಿ ಒಣಗಿಸಿದರೆ ಮತ್ತೆ ಬಳಸಬಹುದು.